ಹಾಫ್‌ಕಿನ್ ನೆನಪಿಗೆ ಮುಂಬೈಯಲ್ಲಿ ಒಂದು ವಿಚಾರ ಸಂಕಿರಣ: ಜನ ಬಂದು, ಕೇಳಿ, ಪ್ರಶ್ನೆ ಹಾಕುವಂತೆ ನಡೆಸುವುದು ಹೇಗೆ?

ಊರಿನಿಂದ ಬಂದ ನೆಂಟರನ್ನು ಪರೇಲ್‌ನ ಕೆಇಎಂಗೋ ಟಾಟಾ ಆಸ್ಪತ್ರೆಗೋ ಕರೆದುಕೊಂಡು ಹೋಗದ ಮುಂಬೈ ಕನ್ನಡಿಗರು ಕಡಿಮೆ. ಅಲ್ಲೇ ಹತ್ತಿರ, ಆಚಾರ್ಯ ದೋಂದೆ ಮಾರ್ಗದಲ್ಲಿ, ಹಾಫ್‌ಕಿನ್ ಸಂಸ್ಥೆ ಇದೆ. ಬೋರ್ಡ್ ನೋಡಿರುತ್ತೇವೆ. ಒಳಗೆ ಹಾವಿನ ವಿಷದ ಔಷಧಿ ಮಾಡುತ್ತಾರಂತೆ ಅಂತ ಯಾರೋ ಹೇಳಿದ್ದು ನೆನಪಿರುತ್ತದೆ. ಆದರೆ ಹಾಫ್‌ಕಿನ್ ಯಾರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ವಾಲ್ಡೆಮಾರ್ ಹಾಫ್‌ಕಿನ್. 1860ರಲ್ಲಿ ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಮಾಡಿ, 1892ರ ಜುಲೈ 18ರಂದು ಮೊದಲು ತಮಗೇ ಚುಚ್ಚಿಕೊಂಡವರು. 1893ರಲ್ಲಿ ಭಾರತಕ್ಕೆ ಬಂದರು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಆಗ ಬೈಕುಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕ ಒಂದು ಕೋಣೆ, ಒಂದು ವರಾಂಡಾದಲ್ಲಿ ಕೂತು, ಬೆರಳೆಣಿಕೆಯ ಸಹಾಯಕರ ಜೊತೆ ಮೂರು ತಿಂಗಳಲ್ಲಿ ಪ್ಲೇಗ್ ಲಸಿಕೆ ಮಾಡಿದರು. 1897ರ ಜನವರಿ 10ರಂದು ಅದನ್ನೂ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು.

ಇಂಥವರ ನೆನಪಿಗೆ ಒಂದು ವಿಚಾರ ಸಂಕಿರಣ ಮಾಡೋಣ ಅಂತ ನಿಮ್ಮ ಸಂಘದಲ್ಲಿ ಮಾತು ಬಂದಿದ್ದರೆ, ಈ ಬರಹ ನಿಮಗಾಗಿ. ಹಿಂದೆ ನಾನು ಕೈಜೋಡಿಸಿದ್ದ ಒಂದು ವಿಜ್ಞಾನ ಕಾರ್ಯಕ್ರಮದಲ್ಲಿ ಶಾಲು, ಹಾರ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ನುಡಿ ಎಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ದೂರದಿಂದ ಬಂದ ವಿಜ್ಞಾನಿಗೆ ಸಿಕ್ಕಿದ್ದು ಹನ್ನೆರಡು ನಿಮಿಷ. ಹಿಂದಿನ ಸಾಲಿನಲ್ಲಿ ಪ್ರಶ್ನೆ ಬರೆದುಕೊಂಡು ಕೂತಿದ್ದ ಹುಡುಗಿ ಹಾಗೇ ಎದ್ದು ಹೋದಳು. ಆ ದಿನದಿಂದ ನನಗೆ ಒಂದೇ ಆಸೆ: ಜನ ಮನೆಗೆ ಹೋಗುವಾಗ "ದೊಡ್ಡ ಮನುಷ್ಯ" ಅಂತ ಹೇಳಿಕೊಂಡು ಹೋದರೆ ಸಾಲದು, "ಲಸಿಕೆ ಕೆಲಸ ಮಾಡುತ್ತೆ ಅಂತ ಆತನಿಗೆ ಹೇಗೆ ಗೊತ್ತಾಯಿತು" ಅನ್ನೋದು ಅವರಿಗೆ ತಿಳಿದಿರಬೇಕು. ಕೆಳಗಿರುವ ಎಲ್ಲ ಹೆಜ್ಜೆಗಳೂ ಇದಕ್ಕಾಗಿಯೇ.

ಮೊದಲು ಒಂದು ಪ್ರಶ್ನೆ ಹಿಡಿಯಿರಿ

"ಹಾಫ್‌ಕಿನ್ ಅವರ ಜೀವನ ಮತ್ತು ಸಾಧನೆ" ಅನ್ನುವ ಹೆಸರಿಟ್ಟರೆ ಭಾಷಣಗಾರರೆಲ್ಲ ಒಂದೇ ಕಥೆ ಹೇಳುತ್ತಾರೆ. ಅದರ ಬದಲು ಇಡೀ ದಿನಕ್ಕೆ ಒಂದು ಪ್ರಶ್ನೆ ಇರಲಿ. ನನಗೆ ಬಹಳ ಇಷ್ಟವಾದದ್ದು ಇದು: ಪ್ಲೇಗ್ ಹೇಗೆ ಹರಡುತ್ತದೆ ಅಂತ ಗೊತ್ತಾಗುವ ಮೊದಲೇ ಅದಕ್ಕೆ ಲಸಿಕೆ ಮಾಡಲು ಹೇಗೆ ಸಾಧ್ಯವಾಯಿತು?

ಯೋಚಿಸಿ ನೋಡಿ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಕಂಡಿದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆ ಅಂತ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ, ಅದನ್ನು ಉಳಿದವರು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಹಾಫ್‌ಕಿನ್ ಲಸಿಕೆ ಈ ಎರಡರ ನಡುವೆ ಬಂತು. ಅಂದರೆ ಕಳ್ಳ ಯಾರು ಅಂತ ಗೊತ್ತಿತ್ತು, ಯಾವ ಬಾಗಿಲಿಂದ ಬರುತ್ತಾನೆ ಅಂತ ಗೊತ್ತಿರಲಿಲ್ಲ. ಮನೆಯವರಿಗೆ ಕಳ್ಳನ ಮುಖ ಮೊದಲೇ ತೋರಿಸಿಟ್ಟರೆ ಸಾಕಲ್ವಾ, ಯಾವ ಬಾಗಿಲಿಂದ ಬಂದರೂ ಹಿಡಿಯುತ್ತಾರೆ. ಲಸಿಕೆ ಮಾಡುವುದು ಇದನ್ನೇ. ಇದೊಂದು ಮಾತು ಎಂಟನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ, ಅದೇ ಹೊತ್ತಿಗೆ ಸೂಕ್ಷ್ಮಜೀವಿ ತಜ್ಞರಿಗೂ ಅರ್ಧ ಗಂಟೆ ಮಾತಾಡಲು ವಿಷಯ ಕೊಡುತ್ತದೆ.

ಆಮಂತ್ರಣದ ಮೇಲೆಯೂ ಈ ಪ್ರಶ್ನೆಯನ್ನೇ ದೊಡ್ಡದಾಗಿ ಹಾಕಿ.

ದಿನ, ಹೊತ್ತು, ಜಾಗ

ಹಾಫ್‌ಕಿನ್ ಹುಟ್ಟಿದ್ದು ಮಾರ್ಚ್ 15, ತೀರಿಕೊಂಡಿದ್ದು 1930ರ ಅಕ್ಟೋಬರ್ 26, ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ. ಮಾರ್ಚ್ ಬೇಡ, ಹತ್ತನೇ ಮತ್ತು ಹನ್ನೆರಡನೇ ಕ್ಲಾಸಿನ ಪರೀಕ್ಷೆಯ ಕಾಲ, ಮಕ್ಕಳೂ ಬರುವುದಿಲ್ಲ, ಅಮ್ಮಂದಿರೂ ಬರುವುದಿಲ್ಲ. ಜುಲೈ 18ರ ಆಸುಪಾಸು ಮುಂಬೈ ಮಳೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ನನ್ನ ಆಯ್ಕೆ ಜನವರಿ. ಹತ್ತನೇ ತಾರೀಕಿನ ಹತ್ತಿರದ ಶನಿವಾರ, ಮಧ್ಯಾಹ್ನ ಮೂರರಿಂದ ಸಂಜೆ ಆರೂವರೆ. ಪ್ಲೇಗ್ ಲಸಿಕೆಯ ದಿನವೂ ಅದೇ, ಸೆಕೆಯೂ ಇರುವುದಿಲ್ಲ.

ಭಾನುವಾರ ಯಾಕೆ ಬೇಡ ಅಂದರೆ ಮೆಗಾ ಬ್ಲಾಕ್, ಹಳಿ ದುರಸ್ತಿಗೆ ಅಂತ ಲೋಕಲ್ ರೈಲು ನಿಲ್ಲಿಸುತ್ತಾರೆ. ಡೊಂಬಿವಲಿ, ಠಾಣೆ, ನವಿ ಮುಂಬೈ ಕಡೆಯ ನಮ್ಮವರು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಶನಿವಾರ ಮಧ್ಯಾಹ್ನಕ್ಕೆ ಇನ್ನೊಂದು ಲಾಭ ಇದೆ. ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಊಟದ ರಶ್ ಮುಗಿದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಅವರೂ ನಮ್ಮ ಸಭಿಕರೇ, ಅವರನ್ನು ಬಿಟ್ಟು ಮುಂಬೈಯಲ್ಲಿ ಕನ್ನಡದ ಸಾರ್ವಜನಿಕ ಕಾರ್ಯಕ್ರಮ ಅಂತ ಹೇಳಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಅವರು ಒಂದು ಗಂಟೆಗೆ ಬಂದು ಹೋದರೂ ಏನಾದರೂ ಸಿಗುವ ಹಾಗೆ ಕಾರ್ಯಕ್ರಮ ಕಟ್ಟಿ.

ಜಾಗದ ವಿಷಯದಲ್ಲಿ ಮಾಟುಂಗಕ್ಕೆ ಸಾಟಿ ಇಲ್ಲ. ಸೆಂಟ್ರಲ್ ಲೈನಿನವರಿಗೆ ಮಾಟುಂಗ, ವೆಸ್ಟರ್ನ್‌ನವರಿಗೆ ಮಾಟುಂಗ ರೋಡ್, ಹಾರ್ಬರ್‌ನವರಿಗೆ ಕಿಂಗ್ಸ್ ಸರ್ಕಲ್. ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ, ಮಾಹಿಮ್‌ನ ಕರ್ನಾಟಕ ಸಂಘವೂ ದೂರವೇನಲ್ಲ. ಸಭಾಂಗಣ ಗೊತ್ತುಮಾಡುವ ಮುನ್ನ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಮೈಕಿನ ದನಿ ಸ್ಪಷ್ಟವಾಗಿ ಕೇಳುತ್ತದಾ, ಅಜ್ಜ ಅಜ್ಜಿಯರಿಗೆ ಮೆಟ್ಟಿಲು ಎಷ್ಟು, ಹಗಲು ಬೆಳಕಿನಲ್ಲಿ ಪರದೆ ಕಾಣುತ್ತದಾ, ಹೊರಗೆ ಮೇಜು ಹಾಕಲು ಜಾಗ ಇದೆಯಾ. ಹೊರಗಿನ ಜಾಗ ಬಹಳ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಾತಾಡುವವರು ಮೂವರು ಸಾಕು

ಏಳು ಜನರನ್ನು ಕರೆದು ಎಲ್ಲರಿಗೂ ಹತ್ತು ನಿಮಿಷ ಕೊಡುವುದಕ್ಕಿಂತ ಮೂವರಿಗೆ ಇಪ್ಪತ್ತೈದು ನಿಮಿಷ ಕೊಡುವುದು ಒಳ್ಳೆಯದು. ಒಬ್ಬರು ಮುಂಬೈಯ ಇತಿಹಾಸ ಬಲ್ಲವರು. ಒಬ್ಬರು ಈಗ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿರುವ ಸೂಕ್ಷ್ಮಜೀವಿ ತಜ್ಞರು. ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ: ಪಾಲಿಕೆಯ ಹೆಲ್ತ್ ಪೋಸ್ಟ್‌ನಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಸಿಸ್ಟರ್. ಬೇಡ ಅಂತ ಬಾಗಿಲು ಹಾಕಿಕೊಂಡ ಮನೆಯ ಮುಂದೆ ನಿಂತು ಮಾತಾಡಿ ಒಪ್ಪಿಸಿದ ಅನುಭವ ಅವರಿಗಿರುತ್ತದೆ. 1896ರ ಅಕ್ಟೋಬರ್‌ನಲ್ಲಿ ಮಿಲ್ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದ್ದರು, ಅಲ್ಲಿಗೆ ಒಯ್ದವರು ವಾಪಸ್ ಬರುವುದಿಲ್ಲ ಅನ್ನುವ ಭಯ. ಮರುವರ್ಷ ಜೂನ್ 22ರಂದು ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು, ಮನೆಮನೆಗೆ ನುಗ್ಗಿ ಮಾಡಿದ ತಪಾಸಣೆಯ ಸಿಟ್ಟು ಅದು. ಆ ಭಯ, ಆ ಸಿಟ್ಟು ಎಂಥದು ಅಂತ ಪುಸ್ತಕಕ್ಕಿಂತ ಚೆನ್ನಾಗಿ ಆ ಸಿಸ್ಟರ್ ಹೇಳಬಲ್ಲರು.

ಪತ್ರ ಮೂರು ತಿಂಗಳು ಮೊದಲೇ ಹೋಗಲಿ. ಒಂದೇ ಪುಟ. ಯಾರು ಬರುತ್ತಾರೆ, ಯಾವ ಭಾಷೆ, ಎಷ್ಟು ನಿಮಿಷ, ಪ್ರಶ್ನೆಗೆ ಎಷ್ಟು ಹೊತ್ತು, ಓಡಾಟದ ಖರ್ಚು ಯಾರದು, ಎಲ್ಲ ಬರೆಯಿರಿ. ಸರ್ಕಾರಿ ಅಥವಾ ಪಾಲಿಕೆಯ ನೌಕರರಾದರೆ ಅವರ ಮೇಲಧಿಕಾರಿಗೆ ಪತ್ರ ಬರೆದು ಪ್ರತಿಯನ್ನು ಅವರಿಗೆ ಕೊಡಿ. ಬಾಯಿಮಾತಿನಲ್ಲಿ ಒಪ್ಪಿಕೊಂಡರೂ ಅನುಮತಿ ಸಿಗದೆ ಕೊನೇ ವಾರ ಬರಲಾಗುವುದಿಲ್ಲ ಅಂತ ಹೇಳಬೇಕಾದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ಭಾಷೆ

ಇದರ ಮೇಲೆ ಜಾಸ್ತಿ ಹೊತ್ತು ಖರ್ಚು ಮಾಡಿ ಅಂತ ಕೈಮುಗಿದು ಕೇಳುತ್ತೇನೆ. ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಆದರೆ "ರೋಗಾಣುಗಳ ಕ್ಷೀಣೀಕರಣ" ಅಂದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ವಿಜ್ಞಾನಿಗೆ ಕನ್ನಡದಲ್ಲಿ ಪಾಠ ಹೇಳಿ ಅಭ್ಯಾಸ ಇರುವುದಿಲ್ಲ. ಹಾಗಾಗಿ ಎರಡು ವಾರ ಮೊದಲೇ ಅವರ ಜೊತೆ ಒಂದು ಸಂಜೆ ಕೂತು, ಇಪ್ಪತ್ತು ಪದಗಳ ಪಟ್ಟಿ ಮಾಡಿಕೊಳ್ಳಿ. ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾ ಆಗಿಯೇ ಇರಲಿ. ವ್ಯಾಕ್ಸಿನ್‌ಗೆ ಲಸಿಕೆ ಸಾಕು. ಟೆಟನಸ್ ಅನ್ನುವಾಗ ಒಮ್ಮೆ ಧನುರ್ವಾಯು ಅಂತಲೂ ಹೇಳಲಿ, ಅಜ್ಜಿಯರಿಗೆ ಆ ಹೆಸರೇ ಗೊತ್ತು. ಅಟೆನ್ಯುಯೇಟೆಡ್ ಅನ್ನುವ ಕಡೆ "ಬಲ ಕುಂದಿಸಿದ", ಅದರ ಎದುರು "ಕೊಂದ".

ಈ ಎರಡು ಪದ ಇದ್ದರೆ ಹಾಫ್‌ಕಿನ್ ಅವರ ಕೆಲಸದ ಮುಖ್ಯ ಭಾಗ ಹೇಳಿ ಮುಗಿಸಬಹುದು. ಕಾಲರಾಕ್ಕೆ ಅವರು ಬಳಸಿದ್ದು ಜೀವಂತ ಬ್ಯಾಕ್ಟೀರಿಯಾ, ಮೊದಲ ಚುಚ್ಚುಮದ್ದಿನಲ್ಲಿ ಬಲ ಕುಂದಿಸಿದ್ದು. ಪ್ಲೇಗ್‌ಗೆ ಬಳಸಿದ್ದು ಬಿಸಿ ಮಾಡಿ ಕೊಂದ ಬ್ಯಾಕ್ಟೀರಿಯಾ. ಇನ್ನು ಅದನ್ನು ಬೆಳೆಸಿದ ಬಗೆ ಕೇಳಿದರೆ ನಮ್ಮ ಹೆಂಗಸರು ಮುಂದೆ ಬಾಗಿ ಕೇಳುತ್ತಾರೆ. ಮಾಂಸದ ಸಾರಿನ ಮೇಲೆ ತುಪ್ಪ ತೇಲಿಬಿಡುತ್ತಿದ್ದರು. ತುಪ್ಪದ ಹನಿಗಳ ಅಡಿಗೆ ಪ್ಲೇಗ್ ಬ್ಯಾಕ್ಟೀರಿಯಾ ಅಂಟಿಕೊಂಡು, ಗುಹೆಯ ಚಾವಣಿಯಿಂದ ಸುಣ್ಣದ ಕೋಲುಗಳು ಇಳಿಬಿಟ್ಟ ಹಾಗೆ ಕೆಳಕ್ಕೆ ಬೆಳೆಯುತ್ತಿತ್ತು. ಪಾತ್ರೆ ಅಲ್ಲಾಡಿಸಿದರೆ ಕಳಚಿ ತಳಕ್ಕೆ ಬೀಳುತ್ತಿತ್ತು, ಮತ್ತೆ ಹೊಸದು ಬೆಳೆಯುತ್ತಿತ್ತು. ಹೀಗೆ ಹಲವು ವಾರ. ಆಮೇಲೆ ಬಿಸಿ. ಈ ಚಿತ್ರವನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆಸಿ ಗೋಡೆಗೆ ಹಾಕಿ, ಹತ್ತು ಸ್ಲೈಡ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮರಾಠಿ ನೆರೆಹೊರೆಯವರು ಬಂದರೆ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಲು ಇಬ್ಬರು ಕಾಲೇಜು ಹುಡುಗರನ್ನು ಗೊತ್ತುಮಾಡಿ. ಮುಂಬೈಯ ಪ್ಲೇಗ್ ಎಲ್ಲರ ಕಥೆ. ಮಾಂಡ್ವಿಯಲ್ಲಿ 1896ರ ಸೆಪ್ಟೆಂಬರ್‌ನಲ್ಲಿ ಇದು ಪ್ಲೇಗ್ ಅಂತ ಮೊದಲು ಗುರುತಿಸಿದ ಅಕಾಸಿಯೊ ವಿಯೆಗಾಸ್ ಗೋವಾ ಮೂಲದ ವೈದ್ಯರು. ಮುಂದೆ ಬಂದು ಚುಚ್ಚಿಸಿಕೊಂಡು ತಮ್ಮ ಜನರಿಗೂ ಹೇಳಿದವರು ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಮೂರನೇ ಆಗಾ ಖಾನ್, ಹಾಫ್‌ಕಿನ್ ಅವರ ಲ್ಯಾಬ್‌ಗೆ ತಮ್ಮ ಖುಶ್ರು ಲಾಡ್ಜ್ ಬಂಗಲೆ ಬಿಟ್ಟುಕೊಟ್ಟವರೂ ಅವರೇ. 1899ರ ಆಗಸ್ಟ್ 10ರಂದು ಆ ಲ್ಯಾಬ್ ಪರೇಲ್‌ನ ಹಳೇ ಗವರ್ನಮೆಂಟ್ ಹೌಸ್‌ಗೆ ಬಂತು, 1925ರಲ್ಲಿ ಅದಕ್ಕೆ ಹಾಫ್‌ಕಿನ್ ಹೆಸರಿಟ್ಟರು.

ಹೊರಗಿನ ಮೇಜುಗಳು

ಒಂದು ಮೇಜಿನ ಮೇಲೆ ಮೈಕ್ರೋಸ್ಕೋಪ್. ಯಾವುದಾದರೂ ಕಾಲೇಜಿನಿಂದ ನೂರು ಪಟ್ಟಿನ ಆಯಿಲ್ ಇಮ್ಮರ್ಶನ್ ಲೆನ್ಸ್ ಇರುವುದನ್ನು, ಅದನ್ನು ಬಳಸಲು ಬಲ್ಲ ವಿದ್ಯಾರ್ಥಿಯ ಜೊತೆಗೇ, ಕೇಳಿ ತನ್ನಿ. ತೋರಿಸಲು ರೋಗಾಣು ಬೇಡ. ಮನೆಯ ಮೊಸರು ಸಾಕು. ಒಂದು ಚೂರು ಮೊಸರನ್ನು ನೀರಿನಲ್ಲಿ ತೆಳುವಾಗಿ ಕದಡಿ, ಗಾಜಿನ ಮೇಲೆ ಸವರಿ, ಒಣಗಿಸಿ, ದೀಪದ ಮೇಲೆ ಎರಡು ಮೂರು ಸಲ ಆಡಿಸಿ, ಮೆಥಿಲೀನ್ ಬ್ಲೂ ಒಂದು ನಿಮಿಷ ಬಿಟ್ಟು ತೊಳೆದರೆ ಕಡ್ಡಿಯಂಥವು, ಮಣಿಸರದಂಥವು ನೀಲಿಯಾಗಿ ಕಾಣುತ್ತವೆ. ಇಡ್ಲಿ ಹಿಟ್ಟನ್ನೂ ಇಡಿ. ಅದನ್ನು ಉಬ್ಬಿಸುವ ಬ್ಯಾಕ್ಟೀರಿಯಾದಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್, ಅದು ಬಿಡುವ ಗಾಳಿಯಿಂದಲೇ ಹಿಟ್ಟು ಮೇಲೇಳುತ್ತದೆ. ಮಾಟುಂಗದಲ್ಲಿ ರುಬ್ಬಿದ ಹಿಟ್ಟು ಲೆನ್ಸ್ ಕೆಳಗೆ ಬಂದಾಗ ಹೋಟೆಲಿನ ಹುಡುಗರ ಕಣ್ಣು ಅರಳುವುದನ್ನು ನೋಡಬೇಕು. ಮೊಬೈಲನ್ನು ಲೆನ್ಸಿಗೆ ಹಿಡಿಸಿ ಟಿವಿಗೆ ಜೋಡಿಸಿದರೆ ಸಾಲು ನಿಲ್ಲುವುದು ತಪ್ಪುತ್ತದೆ.

ಒಂದು ಎಚ್ಚರಿಕೆ. ಮಕ್ಕಳ ಕೈಬೆರಳನ್ನು ಅಗರ್ ತಟ್ಟೆಗೆ (ಬ್ಯಾಕ್ಟೀರಿಯಾ ಬೆಳೆಯಲು ಆಹಾರ ಹಾಕಿಟ್ಟ ತಟ್ಟೆ) ಒತ್ತಿಸಿ ಬ್ಯಾಕ್ಟೀರಿಯಾ ಬೆಳೆಸಿ ತೋರಿಸೋಣ ಅಂತ ಯಾರಾದರೂ ಹೇಳುತ್ತಾರೆ. ಏನು ಬೆಳೆದಿದೆ ಅಂತ ಗೊತ್ತಿಲ್ಲದ ತಟ್ಟೆಯನ್ನು ಜನರ ನಡುವೆ ಇಡುವುದು ಸರಿಯಲ್ಲ. ಸುತ್ತ ಟೇಪ್ ಹಾಕಿ ಮುಚ್ಚಿ, ಯಾರೂ ತೆರೆಯದಂತೆ ನೋಡಿಕೊಂಡು, ಮುಗಿದ ಮೇಲೆ ಆಟೋಕ್ಲೇವ್‌ನಲ್ಲಿ, ಅಂದರೆ ಲ್ಯಾಬ್‌ನ ದೊಡ್ಡ ಕುಕ್ಕರ್‌ನಂಥ ಯಂತ್ರದಲ್ಲಿ, ಹಾಕಿ ಕೊಲ್ಲುವ ಲ್ಯಾಬ್ ಜೊತೆಗಿದ್ದರೆ ಮಾತ್ರ ಮಾಡಿ. ಇಲ್ಲದಿದ್ದರೆ ಕೈಬಿಡಿ.

ಎರಡನೇ ಮೇಜು ನೆನಪಿನದು. ಒಂದು ದಪ್ಪ ನೋಟ್‌ಬುಕ್, ಎರಡು ಪೆನ್ನು, ಬರೆಯಲು ಬಾರದವರ ಮಾತು ಬರೆದುಕೊಳ್ಳಲು ಒಬ್ಬರು. ಉತ್ತರ ಕರ್ನಾಟಕದವರಿಗೆ ಹಾಫ್‌ಕಿನ್ ಹೊರಗಿನವರಲ್ಲ. ಹುಬ್ಬಳ್ಳಿ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು, 1898ರಲ್ಲಿ ಅಲ್ಲಿ ಊರಿನ ಬಹುಪಾಲು ಜನ ಈ ಲಸಿಕೆ ಹಾಕಿಸಿಕೊಂಡರು. ಲಸಿಕೆ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ ಅಂತ ತೋರಿಸಿದ ಊರುಗಳಲ್ಲಿ ಅದೂ ಒಂದು. ಬೆಂಗಳೂರಿಗೂ ಅದೇ ವರ್ಷ ಪ್ಲೇಗ್ ಬಂತು, ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ನಮ್ಮಜ್ಜಿ ತಮ್ಮ ತಾಯಿಯ ಮಾತು ಹೇಳುತ್ತಿದ್ದರು: "ಇಲಿ ಬಿತ್ತು ಅಂದ್ರ ಗಂಟುಮೂಟೆ ಕಟ್ಟು." ಇಲಿ ಸತ್ತು ಬೀಳುವುದು ಕಂಡ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಚಿಗಟದ ವಿಷಯ ಯಾರಿಗೂ ಗೊತ್ತಿರದ ಕಾಲದಲ್ಲೇ ಜನರ ಕಣ್ಣು ಇಲಿಯನ್ನು ಗಮನಿಸಿತ್ತು. ಇಂಥ ಮಾತು ಎಷ್ಟು ಮನೆಗಳಲ್ಲಿ ಉಳಿದಿದೆಯೋ, ಬರೆದಿಟ್ಟುಕೊಳ್ಳಬೇಕು.

ಸಾಧ್ಯವಾದರೆ ಅದೇ ದಿನ ಬೆಳಿಗ್ಗೆ ಒಂದು ಸಣ್ಣ ನಡಿಗೆ ಇಡಿ. ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದು ಮಾಂಡ್ವಿ, ಅಲ್ಲಿಂದ ಧೋಬಿ ತಲಾವ್‌ನಲ್ಲಿ ಮೆಟ್ರೊ ಸಿನಿಮಾ ಎದುರಿನ ವಿಯೆಗಾಸ್ ಪ್ರತಿಮೆ. ಹಾಫ್‌ಕಿನ್ ಸಂಸ್ಥೆಯ ಒಳಗೆ ಹೋಗುವ ಆಸೆ ಇದ್ದರೆ ತಿಂಗಳುಗಟ್ಟಲೆ ಮೊದಲೇ ಪತ್ರ ಬರೆದು ಕೇಳಿ. ಅದು ಕೆಲಸ ನಡೆಯುವ ಲ್ಯಾಬ್, ಸುಮ್ನೆ ಗುಂಪು ಕಟ್ಟಿಕೊಂಡು ಗೇಟಿಗೆ ಹೋಗಬೇಡಿ.

ಮುಲ್ಕೋವಾಲ್ ಬಿಡಬೇಡಿ

ನೆನಪಿನ ಕಾರ್ಯಕ್ರಮದಲ್ಲಿ ಕೆಟ್ಟ ಸುದ್ದಿ ಯಾಕೆ ಅಂತ ಸಮಿತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ. ನಾನು ಹಟ ಹಿಡಿದು ಇದಕ್ಕೆ ಪೂರ್ತಿ ಅರ್ಧ ಗಂಟೆ ಇಡಿಸುತ್ತೇನೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಊರಿನಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯು ಬಂದು ಸತ್ತರು. ಸತ್ತ 19 ಜನರಿಗೂ ಚುಚ್ಚಿದ್ದು ಒಂದೇ ಬಾಟಲಿಯಿಂದ. ತಪ್ಪನ್ನು ಮುಂಬೈಯ ಲ್ಯಾಬ್ ಮೇಲೆ ಹಾಕಿ ಹಾಫ್‌ಕಿನ್ ಅವರನ್ನು ಕೆಲಸದಿಂದ ದೂರ ಇಟ್ಟರು. ಆಮೇಲೆ ತಿಳಿದದ್ದೇನು ಅಂದರೆ, ಮುಲ್ಕೋವಾಲ್‌ನಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಬಳಸಿದ್ದರು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ತೋರಿಸಿದ ರೊನಾಲ್ಡ್ ರಾಸ್ ಅಂಥವರು ಹಾಫ್‌ಕಿನ್ ಪರವಾಗಿ ಬಹಿರಂಗವಾಗಿ ಬರೆದರು. ಕಳಂಕ ಕಳೆದದ್ದು 1907ರಲ್ಲಿ. ಐದು ವರ್ಷ.

ಇದನ್ನು ಕಥೆಯಾಗಿ ಹೇಳಿ ಮುಗಿಸಬೇಡಿ, ಸಭೆಗೆ ಒಗಟಿನ ಹಾಗೆ ಕೊಡಿ. ಲ್ಯಾಬ್‌ನಲ್ಲೇ ಧನುರ್ವಾಯುವಿನ ಬ್ಯಾಕ್ಟೀರಿಯಾ ಸೇರಿದ್ದರೆ ತೆರೆಯುವ ಹೊತ್ತಿಗೆ ಬಾಟಲಿ ಹೇಗಿರಬೇಕಿತ್ತು? ವಾಸನೆ ಬರಬೇಕಿತ್ತಾ? ಅದೇ ದಿನ ಬೇರೆ ಬಾಟಲಿಗಳಿಂದ ಹಾಕಿಸಿಕೊಂಡವರಿಗೆ ಏನಾಯಿತು? ಐದು ನಿಮಿಷ ಅಕ್ಕಪಕ್ಕದವರು ಮಾತಾಡಿಕೊಳ್ಳಲಿ, ಆಮೇಲೆ ತಜ್ಞರು ಉತ್ತರಿಸಲಿ. ಇದೇ ಅವಧಿಯಲ್ಲಿ ಬೈಕುಲಾ ಜೈಲಿನ ಪರೀಕ್ಷೆಯನ್ನೂ ಚರ್ಚೆಗೆ ತನ್ನಿ. 1897ರ ಜನವರಿ ಕೊನೆಗೆ ಜೈಲಿನಲ್ಲಿ ಪ್ಲೇಗ್ ಬಂದಾಗ, ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರ ಜೊತೆ ಹೋಲಿಸಿದ್ದರು. ಒಂದೇ ಗೋಡೆಯೊಳಗೆ, ಒಂದೇ ಊಟ ಮಾಡುವ ಎರಡು ಗುಂಪು. ಹೋಲಿಕೆಯಾಗಿ ನೋಡಿದರೆ ಬಹಳ ಚೆನ್ನಾಗಿದೆ. ಆದರೆ ಕೈದಿಗೆ ನಿಜವಾಗಿಯೂ ಬೇಡ ಅನ್ನುವ ಧೈರ್ಯ ಇರುತ್ತಾ? ಈ ಪ್ರಶ್ನೆಯನ್ನು ಕೇಳದೆ ಬಿಡುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ.

ಆ ದಿನದ ಓಟ

ಮೂರಕ್ಕೆ ಬಾಗಿಲು ತೆರೆಯಿರಿ, ಮೂರೂಕಾಲರವರೆಗೆ ಮೈಕ್ರೋಸ್ಕೋಪ್. ದೀಪ ಮತ್ತು ಸ್ವಾಗತ ಎರಡೂ ಸೇರಿ ಐದು ನಿಮಿಷ. ಶಾಲು ಹೊದಿಸಲೇಬೇಕು ಅಂದರೆ ಚಹಾ ಹೊತ್ತಿನಲ್ಲಿ ಮಾಡಿ. ಅಧ್ಯಕ್ಷರು ಬೇಕೇ ಬೇಕು ಅನ್ನುವುದು ನಮ್ಮ ಸಭೆಗಳ ಪದ್ಧತಿ. ಅದನ್ನು ಬಿಡಬೇಕಿಲ್ಲ, ಅವರಿಗೆ ಭಾಷಣದ ಬದಲು ಪ್ರಶ್ನೋತ್ತರ ನಡೆಸುವ ಕೆಲಸ ಕೊಡಿ. ಗೌರವವೂ ಉಳಿಯುತ್ತದೆ, ಸಭೆಯೂ ಉಳಿಯುತ್ತದೆ.

ಸಭಿಕರ ನಡುವೆ ಎರಡು ಕಾರ್ಡ್‌ಲೆಸ್ ಮೈಕ್ ಓಡಾಡಲಿ. ಎದ್ದು ನಿಂತು ಕೇಳಲು ನಾಚುವವರಿಗೆ ಚೀಟಿ. ಮೊದಲ ಪ್ರಶ್ನೆ ಯಾವಾಗಲೂ ಒಂದು ಮಗುವಿಗೆ ಕೊಡಿ, ದೊಡ್ಡವರು ಪ್ರಶ್ನೆಯ ಹೆಸರಲ್ಲಿ ಭಾಷಣ ಮಾಡುವುದು ತಾನಾಗಿ ಕಡಿಮೆಯಾಗುತ್ತದೆ. ಲಸಿಕೆಯ ಮೇಲೆ ನಂಬಿಕೆ ಇಲ್ಲದವರು ಎದ್ದರೆ ದಯವಿಟ್ಟು ಕೂರಿಸಬೇಡಿ. ಅವರ ಭಯ ಏನು ಅಂತ ಪೂರ್ತಿ ಕೇಳಿ, ಸಿಸ್ಟರ್ ಕೈಗೆ ಮೈಕ್ ಕೊಡಿ.

ಪ್ರಚಾರಕ್ಕೆ ಹೆಚ್ಚು ಹೇಳಬೇಕಿಲ್ಲ. ವಾಟ್ಸ್ಯಾಪ್ ಜೊತೆಗೆ ಒಂದು ಪುಟದ ಪೋಸ್ಟರ್ ಹೋಟೆಲಿನ ಗಲ್ಲಾ ಪಕ್ಕ, ಕನ್ನಡ ಶಾಲೆಯ ನೋಟಿಸ್ ಬೋರ್ಡಿನಲ್ಲಿ. ಖರ್ಚಿನಲ್ಲಿ ಮೈಕ್ ಮತ್ತು ಪರದೆಗೆ ಕೈ ಬಿಗಿ ಹಿಡಿಯಬೇಡಿ, ಹೂವಿನ ಅಲಂಕಾರಕ್ಕೆ ಹಿಡಿಯಿರಿ.

ಮುಗಿದ ಮೇಲೆ

ರೆಕಾರ್ಡ್ ಮಾಡಿದ ಮಾತುಗಳನ್ನು ಇಪ್ಪತ್ತು ಇಪ್ಪತ್ತು ನಿಮಿಷದ ತುಂಡು ಮಾಡಿ ಹಂಚಿ, ಮೂರು ಗಂಟೆಯ ವಿಡಿಯೊ ಯಾರೂ ನೋಡುವುದಿಲ್ಲ. ನೆನಪಿನ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು, ಬರೆದವರ ಒಪ್ಪಿಗೆ ಇದ್ದರೆ ಮಾತ್ರ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಸಂಘದ ಗ್ರಂಥಾಲಯಕ್ಕೋ ಕೊಡಿ. ಉತ್ತರ ಸಿಗದೆ ಉಳಿದ ಚೀಟಿಗಳನ್ನು ಎಸೆಯಬೇಡಿ. ಚೀಟಿಯ ಹಿಂದೆ ಫೋನ್ ನಂಬರ್ ಬರೆಸಿಕೊಂಡಿರಿ, ತಜ್ಞರಿಂದ ಎರಡು ಸಾಲಿನ ಉತ್ತರ ಪಡೆದು ಹತ್ತು ದಿನದೊಳಗೆ ಒಬ್ಬೊಬ್ಬರಿಗೂ ಕಳಿಸಿ. ಮಕ್ಕಳ ಚೀಟಿಗಳಿಗೆ ಮೊದಲು.